ಗೋಂಕುವಿನ ಊಟ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ತಲೆಯ ಮೇಲಿನ ಫ್ಯಾನು ನಿಂತಾಗ ಭೋಜಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಮಡಂತ್ಯಾರಿನಲ್ಲಿ ಕರೆಂಟು ಹೋಗುವುದು, ಬರುವುದು ಎಂದರೆ ಮನೆಯ ಬೆಕ್ಕು ಹೊರಗೆ ಹೋಗಿ ಬಂದ ಹಾಗೆ. ಯಾರೂ ಎದ್ದು ನೋಡುವುದಿಲ್ಲ. ಹೆಂಡತಿ ಶಶಿಪ್ರಭಾ ಕನ್ಯಾನದಲ್ಲಿರುವ ತಂಗಿಯ ಮನೆಗೆ ಹೋಗಿ ಎರಡು ದಿನವಾಗಿತ್ತು. ಭೋಜಣ್ಣ ತಾವೇ ಅನ್ನ ಬೇಯಿಸಿ, ತಾವೇ ಮೀನು ಹುರಿದು, ಹನ್ನೆರಡೂವರೆಗೆಲ್ಲ ಉಂಡು ಮುಗಿಸಿ, ಜಗಲಿಯ ಬೆಂಚಿನ ಮೇಲೆ ಅಡ್ಡಾದರು. ಆಗಲೂ ಕರೆಂಟು ಬಂದಿರಲಿಲ್ಲ.

ಪಕ್ಕದ ಮನೆಯ ನೀಲಾವತಿಯಕ್ಕ ಕಾಂಪೌಂಡಿನ ಗೋಡೆಯ ಮೇಲೆ ಕಂಬಳಿ ಒಣಹಾಕುತ್ತಾ ಕೇಳಿದರು. "ಎಂತ ಭೋಜಣ್ಣ, ಸೆಕೆಯಾ? ಸಂಜೆ ಐದರವರೆಗೆ ಹೀಗೆಯೇ. ಲೈನಿನ ಕೆಲಸ ಉಂಟಂತೆ. ಪೇಪರಿನಲ್ಲಿ ಬಂದಿತ್ತಲ್ಲ, ನೋಡಿಲ್ವಾ?"

ಭೋಜಣ್ಣ ಚೇಳು ಕಚ್ಚಿದವರಂತೆ ಎದ್ದು ಕೂತರು.

"ಐದರವರೆಗಾ? ಹಾಗಾದ್ರೆ ನಮ್ಮ ಗೋಂಕು ಹೋಯ್ತು!"

"ಯಾರು ಹೋದದ್ದು?"

"ಗೋಂಕು, ಅಕ್ಕ. ಮೂರು ಗಂಟೆಯೊಳಗೆ ಊಟ ಹಾಕದಿದ್ರೆ ಬಿಟ್ಟು ಹೋಗ್ತದೆ. ಮತ್ತೆ ಬರುವುದೇ ಇಲ್ಲ."

ನೀಲಾವತಿಯಕ್ಕ ಮೂವತ್ತು ವರ್ಷ ಅಂಗನವಾಡಿಯಲ್ಲಿದ್ದು ನಿವೃತ್ತರಾದವರು. ಊಟ ಮಾಡದ ಜೀವ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. "ಊಟ ಹಾಕ್ಲಿಕ್ಕೆ ಕರೆಂಟು ಎಂತಕ್ಕೆ? ನನ್ನಲ್ಲಿ ಗಂಜಿ ಉಂಟು, ತರ್ತೇನೆ. ದನವಾ, ನಾಯಿಯಾ?"

"ಕಪ್ಪೆ."

"ಕಪ್ಪೆಗೆ ಯಾರಾದ್ರೂ ಊಟ ಹಾಕ್ತಾರಾ?"

"ಇದು ದೊಡ್ಡ ಕಪ್ಪೆ. ಎರಡು ಮಾಳಿಗೆಯ ಮನೆಯಷ್ಟು ಉಂಟು. ಅದರ ತಲೆಯ ಮೇಲೆ ಕೂತು ಸವಾರಿ ಮಾಡ್ಲಿಕ್ಕೆ ಆಗ್ತದೆ."

ನೀಲಾವತಿಯಕ್ಕ ಭೋಜಣ್ಣನ ಒಂದೇ ಅಂತಸ್ತಿನ ಹೆಂಚಿನ ಮನೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಜ್ವರದ ಮಗುವನ್ನು ಮಾತಾಡಿಸುವ ದನಿಯಲ್ಲಿ ಮೆಲ್ಲಗೆ ಕೇಳಿದರು. "ಶಶಿ ಯಾವಾಗ ಬರ್ತಾಳೆ ಭೋಜಣ್ಣ?"

ಭೋಜಣ್ಣನಿಗೆ ಏನೂ ಆಗಿರಲಿಲ್ಲ. ಗೋಂಕು ಇದ್ದದ್ದು ಟಿವಿಯ ಒಳಗೆ. ಆರು ವರ್ಷದ ಹಿಂದೆ ಅವರು ಮಸ್ಕತ್ತಿನಿಂದ ರಜೆಯಲ್ಲಿ ಬರುವಾಗ ಮಗಳು ವಿಜೇತಾಳಿಗೆಂದು ಒಂದು ಆಟದ ಪೆಟ್ಟಿಗೆ ತಂದಿದ್ದರು. ಟಿವಿಗೆ ಸಿಕ್ಕಿಸಿ ಆಡುವಂಥದ್ದು. ಅದರಲ್ಲಿ ಕೊಡೆ ಹಿಡಿದ ಒಬ್ಬಳು ಪುಟ್ಟ ಹುಡುಗಿ ಕಲ್ಲಿಂದ ಕಲ್ಲಿಗೆ, ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಹೋಗಬೇಕು. ಹಾರಲಾಗದಷ್ಟು ದೊಡ್ಡ ಹೊಳೆ ಅಡ್ಡ ಬಂದರೆ ದೈತ್ಯ ಕಪ್ಪೆಯೊಂದು ಬಂದು ತಲೆ ತಗ್ಗಿಸುತ್ತದೆ. ಹುಡುಗಿ ಹತ್ತಿ ಕೂತರೆ ಒಂದೇ ನೆಗೆತಕ್ಕೆ ಆಚೆ ದಡ. ಆ ಆಟ ಒಂದರ ಹಿಂದೆ ಒಂದರಂತೆ ನಾಲ್ಕು ಭಾಗ ಬಂದಿತ್ತು. ನಾಲ್ಕರಲ್ಲೂ ಅದೇ ಕಪ್ಪೆ. ಅದಕ್ಕೆ ಗೋಂಕು ಎಂದು ಹೆಸರಿಟ್ಟದ್ದು ವಿಜೇತಾ.

ಮಗಳು ಹುಟ್ಟಿದ್ದು, ನಡೆದದ್ದು, ಶಾಲೆಗೆ ಸೇರಿದ್ದು ಎಲ್ಲವೂ ಭೋಜಣ್ಣ ಮಸ್ಕತ್ತಿನ ಹೋಟೆಲಿನ ಅಡುಗೆಮನೆಯಲ್ಲಿ ನಿಂತಿದ್ದಾಗಲೇ ಆಗಿಹೋಗಿತ್ತು. ಹೋದ ವರ್ಷ ಕೆಲಸ ಬಿಟ್ಟು ಬಂದು ನೋಡಿದರೆ ಮಗಳು ಅವರ ಭುಜದಷ್ಟು ಎತ್ತರವಾಗಿದ್ದಳು. ಜಗಳವೇನೂ ಇರಲಿಲ್ಲ. ಮಾತೂ ಇರಲಿಲ್ಲ. "ಊಟ ಆಯ್ತಾ?" "ಆಯ್ತು." "ಶಾಲೆ ಉಂಟಾ?" "ಉಂಟು." ಬಸ್ಸಿನ ಕಂಡಕ್ಟರನ ಜೊತೆ ಇದಕ್ಕಿಂತ ಜಾಸ್ತಿ ಮಾತಾಡುತ್ತೇನೆ ಎಂದು ಭೋಜಣ್ಣ ಹೆಂಡತಿಯಲ್ಲಿ ಹೇಳಿಕೊಂಡಿದ್ದರು.

ಈ ಜೂನಿನಲ್ಲಿ ಅವಳು ಮೂಡುಬಿದಿರೆಯ ಕಾಲೇಜಿಗೆ ಸೇರಿ ಹಾಸ್ಟೆಲಿಗೆ ಹೊರಟಾಗ, ತಾನಾಗಿಯೇ ಅಪ್ಪನ ಹತ್ತಿರ ಬಂದು ಕೂತಳು. "ಪಪ್ಪ, ಗೋಂಕುವಿಗೆ ದಿನಾ ಏಳು ಮಿಂಚುಹುಳ ಹಿಡಿದು ಹಾಕಬೇಕು. ಇಪ್ಪತ್ತನಾಲ್ಕು ಗಂಟೆ ಹಾಕದಿದ್ರೆ ಅದು ಬಿಟ್ಟು ಹೋಗ್ತದೆ. ನೀವು ನೋಡ್ಕೊಳ್ತೀರಾ?" ಎಂದಳು. ಎರಡು ಸಂಜೆ ಪಕ್ಕದಲ್ಲಿ ಕೂತು, ಯಾವ ಗುಂಡಿ ಒತ್ತಿದರೆ ಹಾರುವುದು, ಯಾವುದನ್ನು ಒತ್ತಿದರೆ ಹಿಡಿಯುವುದು ಎಂದು ಹೇಳಿಕೊಟ್ಟಳು. ಭೋಜಣ್ಣನ ಬೆರಳುಗಳು ಪರೋಟದ ಹಿಟ್ಟು ನಾದಿದ ಬೆರಳುಗಳು. ಒಂದು ಗುಂಡಿ ಒತ್ತಿದರೆ ಮೂರು ಗುಂಡಿ ಒತ್ತಿಹೋಗುತ್ತಿದ್ದವು. ಮಗಳು ನಗುತ್ತಿದ್ದಳು. ಆ ಎರಡು ಸಂಜೆಯಷ್ಟು ಸುಖವನ್ನು ಅವರು ಬೇರೆಲ್ಲೂ ಕಂಡಿರಲಿಲ್ಲ.

ಅಂದಿನಿಂದ ಎಂಬತ್ತೊಂದು ದಿನ. ಒಂದು ದಿನವೂ ತಪ್ಪಿರಲಿಲ್ಲ. ಮಧ್ಯಾಹ್ನದ ನಿದ್ದೆ ಮುಗಿಸಿ, ಮುಖ ತೊಳೆದು, ಮೂರು ಗಂಟೆಯ ಹೊತ್ತಿಗೆ ಟಿವಿಯ ಮುಂದೆ ಕೂತು, ಹುಡುಗಿಯ ಜೊತೆ ತಾವೂ ಕುರ್ಚಿಯಲ್ಲಿ ಅರ್ಧ ಅಡಿ ಹಾರುತ್ತಾ, ಏಳು ಮಿಂಚುಹುಳ ಹಿಡಿದು ಹಾಕುತ್ತಿದ್ದರು. ಸಂಜೆ ಐದೂಕಾಲಿಗೆ ಹಾಸ್ಟೆಲಿನಿಂದ ಫೋನು ಬರುತ್ತಿತ್ತು. "ಪಪ್ಪ, ಗೋಂಕು ಉಂಟಾ?" "ಉಂಟು ಮಗಾ!" ಆಚೆಯಿಂದ ಸ್ವಲ್ಪ ಹೊತ್ತು ಸದ್ದಿರುತ್ತಿರಲಿಲ್ಲ. ಸಂತೋಷಕ್ಕೆ ಮಾತು ಹೊರಡುವುದಿಲ್ಲ ಪಾಪ ಎಂದು ಭೋಜಣ್ಣ ತಿಳಿದುಕೊಳ್ಳುತ್ತಿದ್ದರು.

ಇದನ್ನೆಲ್ಲ ಗೋಡೆಯ ಆಚೆಯಿಂದ ಕೇಳಿಸಿಕೊಂಡ ನೀಲಾವತಿಯಕ್ಕನಿಗೆ ಅರ್ಧ ನಗು ಬಂತು, ಅರ್ಧ ಕನಿಕರ ಬಂತು. "ಮೊದಲೇ ಹೇಳ್ಬಾರ್ದಾ ಮಾರಾಯ್ರೆ? ನಮ್ಮಲ್ಲಿ ಇನ್ವರ್ಟರ್ ಉಂಟು. ತನ್ನಿ ನಿಮ್ಮ ಪೆಟ್ಟಿಗೆಯನ್ನು."

ಭೋಜಣ್ಣ ಪೆಟ್ಟಿಗೆಯನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿಕೊಂಡು ಓಡಿದರು. ನೀಲಾವತಿಯಕ್ಕನ ಟಿವಿಗೆ ವಯರು ಸಿಕ್ಕಿಸಿ ಗುಂಡಿ ಒತ್ತಿದರು. ಬೆಟ್ಟ, ಹೊಳೆ, ಹಸಿರು ಕಾಡು ಮೂಡಿ ಬಂತು. ಕಾಡಿನ ಹಿಂದಿನಿಂದ ಗೋಂಕು ಎದ್ದು ನಿಂತಿತು. ಬೆನ್ನ ಮೇಲೆ ಪಾಚಿ, ಕೆರೆಯಷ್ಟು ಅಗಲದ ಬಾಯಿ, ಬುಟ್ಟಿಯಂಥ ಎರಡು ಕಣ್ಣು. ಹೊಟ್ಟೆ ಬೆನ್ನಿಗೆ ಹತ್ತಿಹೋಗಿತ್ತು. ಅದು ಪರದೆಯಾಚೆಯಿಂದ ನೇರವಾಗಿ ನೀಲಾವತಿಯಕ್ಕನನ್ನೇ ನೋಡಿ, ಬಾಯಿ ತೆರೆದು, "ಗೊಂಯ್..." ಎಂದಿತು.

"ಅಯ್ಯೋ ದೇವರೇ," ಎಂದರು ನೀಲಾವತಿಯಕ್ಕ. ನಗು ಪೂರ್ತಿ ಹೋಗಿತ್ತು. "ಎಷ್ಟು ಸೋತಿದೆ ನೋಡಿ! ಬೇಗ ಹಾಕಿ, ಬೇಗ ಹಾಕಿ!"

ಭೋಜಣ್ಣ ಎರಡು ಮಿಂಚುಹುಳ ಹಿಡಿದಿರಬೇಕು. ಇನ್ವರ್ಟರ್ ಕುಂಯ್ ಎಂದು ಕೂಗಿ ಸುಮ್ಮನಾಯಿತು. ಪರದೆ ಕಪ್ಪಾಯಿತು. ಬೆಳಿಗ್ಗೆಯಿಂದ ಅದರಲ್ಲೇ ಫ್ರಿಜ್ಜು, ಫ್ಯಾನು, ಮಿಕ್ಸಿ ಎಲ್ಲ ಓಡಿಸಿದ್ದು ನೀಲಾವತಿಯಕ್ಕನಿಗೆ ಆಗ ನೆನಪಾಯಿತು. ಗಡಿಯಾರದಲ್ಲಿ ಒಂದೂಮುಕ್ಕಾಲು.

"ಪೇಟೆಗೆ ಹೋಗುವ," ಎಂದರು ಅವರು. "ಬದ್ರುವಿನ ಅಂಗಡಿಯಲ್ಲಿ ಜನರೇಟರ್ ಉಂಟು."

"ನೀವೂ ಬರ್ತೀರಾ? ನಿಮ್ಮ ಕಾಲುಗಂಟು..."

"ಕಾಲುಗಂಟು ಇರ್ಲಿ. ಅದರ ಮುಖ ನೋಡಿದ ಮೇಲೆ ನಾನು ಮನೆಯಲ್ಲಿ ಕೂರುವುದು ಹೇಗೆ?"

ಸ್ಕೂಟರಿನ ಹಿಂದೆ ನೀಲಾವತಿಯಕ್ಕ, ಅವರ ಮಡಿಲಲ್ಲಿ ಬೈರಾಸಿನ ಗಂಟು. ಒಂದು ತುದಿ ಮಾತ್ರ ಕಾಣುವ ಹಾಗೆ ಸುತ್ತಿದ್ದ ಆ ಗಂಟನ್ನು ದಾರಿಯಲ್ಲಿ ನೋಡಿದವರೆಲ್ಲ ಮಗುವಿಗೆ ಏನಾಯಿತೋ ಎಂದು ದಾರಿ ಬಿಟ್ಟರು. ಒಬ್ಬ ಆಟೋದವನಂತೂ ಮುಂದೆ ಮುಂದೆ ಹೋಗಿ, ಹಾರ್ನ್ ಹೊಡೆದು, ಆಸ್ಪತ್ರೆಯ ಗೇಟಿನವರೆಗೆ ರಸ್ತೆ ಖಾಲಿ ಮಾಡಿಸಿಕೊಟ್ಟ. ಇವರು ಗೇಟು ದಾಟಿ ಮುಂದೆ ಹೋದದ್ದು ನೋಡಿ ಅವನಿಗೆ ಬಹಳ ಬೇಸರವಾಯಿತು.

ಬದ್ರುದ್ದೀನ್ ಮೈಕು, ಲೈಟು ಬಾಡಿಗೆಗೆ ಕೊಡುವ ಅಂಗಡಿಯವನು. ಶಟರು ಅರ್ಧ ಎಳೆದು ಹೊರಡುವ ತಯಾರಿಯಲ್ಲಿದ್ದ. ವಿಷಯ ಕೇಳಿ ಗಡ್ಡ ಕೆರೆದುಕೊಂಡ.

"ಜನರೇಟರ್ ಇಲ್ಲಿಲ್ಲ ಭೋಜಣ್ಣ. ಮದುವೆಯ ಹಾಲಿಗೆ ಹೋಗಿದೆ. ಅಲ್ಲಿಯದ್ದು ಕೆಟ್ಟಿದೆಯಂತೆ."

"ಹಾಗಾದ್ರೆ ಟಿವಿ?"

"ಟಿವಿ ಎಂತಕ್ಕೆ? ನನ್ನ ದೊಡ್ಡ ಎಲ್ಇಡಿ ಪರದೆ ಸಹ ಅಲ್ಲಿಯೇ ಉಂಟು. ಹದಿನಾರು ಅಡಿ." ಅವನ ಕಣ್ಣು ಮಿನುಗಿದವು. "ಎಷ್ಟು ದೊಡ್ಡದು ಅಂದ್ರಿ ಕಪ್ಪೆ?"

ಮದುವೆಯ ಹಾಲಿಗೆ ಬಂದಾಗ ಎರಡೂಕಾಲು. ಮುಹೂರ್ತ ಮುಗಿದು, ಮೊದಲ ಪಂಕ್ತಿ ಎದ್ದು, ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ವೇದಿಕೆಯ ಮೇಲೆ ಮದುಮಗ ಭವಿತ್, ಮದುಮಗಳು ಪ್ರತೀಕ್ಷಾ ಫೋಟೋಕ್ಕೆ ನಿಂತು ನಿಂತು ನಗುವನ್ನೇ ಮರೆತ ಮುಖ ಮಾಡಿದ್ದರು. ಅವರ ಹಿಂದಿನ ಪರದೆಯಲ್ಲಿ ಅವರದೇ ಫೋಟೋಗಳು ಒಂದರ ಮೇಲೊಂದು ಬಂದು ಹೋಗುತ್ತಿದ್ದವು. ಮದುವೆಯ ಯಜಮಾನಿಕೆಯೆಲ್ಲ ಮದುಮಗಳ ಸೋದರಮಾವ ಶೇಷಪ್ಪನವರದು. ಪಾಯಸಕ್ಕೆ ಸಕ್ಕರೆ ಹಾಕುವುದರಿಂದ ಹಿಡಿದು ಚಪ್ಪಲಿ ಎಲ್ಲಿ ಬಿಡಬೇಕು ಎನ್ನುವವರೆಗೆ ಅವರ ಅಪ್ಪಣೆಯಾಗದೆ ಏನೂ ನಡೆಯುತ್ತಿರಲಿಲ್ಲ.

ಬದ್ರು, ಭೋಜಣ್ಣ ಇಬ್ಬರೂ ಮಾತು ಹೇಗೆ ಶುರು ಮಾಡುವುದು ಎಂದು ಮುಖ ಮುಖ ನೋಡುತ್ತಿದ್ದಾಗ ನೀಲಾವತಿಯಕ್ಕ ಮುಂದೆ ಬಂದರು.

"ಶೇಷಪ್ಪಣ್ಣ, ಒಂದು ಜೀವ ನಿನ್ನೆಯಿಂದ ಹಸಿದು ಕೂತಿದೆ."

"ಅದಕ್ಕೆ ಕೇಳ್ಲಿಕ್ಕೆ ಉಂಟಾ? ಕರ್ಕೊಂಡು ಬನ್ನಿ, ಪಂಕ್ತಿಗೆ ಕೂರಿಸುವ. ಎಷ್ಟು ಜನ?"

"ಒಂದೇ. ಆದ್ರೆ ಅದು ಮಿಂಚುಹುಳ ಮಾತ್ರ ತಿನ್ನುವುದು."

ಶೇಷಪ್ಪನವರ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಭೋಜಣ್ಣ ಕೈಮುಗಿದು, ಮಸ್ಕತ್ತು, ಮಗಳು, ಎಂಬತ್ತೊಂದು ದಿನ, ಮೂರು ಗಂಟೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಶೇಷಪ್ಪನವರಿಗೆ ಅರ್ಥವಾದದ್ದು ಮಗಳು ಎನ್ನುವ ಒಂದು ಶಬ್ದ ಮಾತ್ರ. ಅಂದು ಅವರದು ಅದೇ ಶಬ್ದಕ್ಕೆ ಕಣ್ಣು ಒದ್ದೆಯಾಗುವ ದಿನ. "ಹತ್ತು ನಿಮಿಷ," ಎಂದರು. "ಎರಡನೇ ಪಂಕ್ತಿಗೆ ಪಾಯಸ ಬರುವುದರೊಳಗೆ ಮುಗೀಬೇಕು."

ಬದ್ರು ವಯರು ಹುಡುಕಿ ಸಿಕ್ಕಿಸುವಷ್ಟರಲ್ಲಿ ಎರಡು ನಲವತ್ತಾಗಿತ್ತು. ಮದುಮಕ್ಕಳ ಫೋಟೋ ಮಾಯವಾಗಿ, ಅವರ ಹಿಂದೆ ಹದಿನಾರು ಅಡಿ ಅಗಲಕ್ಕೆ ಗೋಂಕು ಎದ್ದು ನಿಂತಿತು. ಬದ್ರುವಿನ ನಾಲ್ಕು ದೊಡ್ಡ ಸ್ಪೀಕರುಗಳಲ್ಲಿ "ಗೊಂಯ್..." ಎನ್ನುವ ಸದ್ದು ಹೊರಟಾಗ ಎಲೆಯ ಮೇಲಿನ ಉಪ್ಪಿನಕಾಯಿ ನಡುಗಿತು. ಮೂರು ಮಕ್ಕಳು ಅತ್ತವು. ಫೋಟೋದವನು ಕ್ಯಾಮರಾ ಸಮೇತ ಹಿಂದಕ್ಕೆ ಹೆಜ್ಜೆ ಇಟ್ಟು, ಹೂವಿನ ಕುಂಡದಲ್ಲಿ ಕೂತುಕೊಂಡ. "ಯಾರದಿದು? ಗಂಡಿನ ಕಡೆಯದ್ದಾ?" ಎಂದು ಒಬ್ಬರು ಅಜ್ಜಿ ಕೇಳಿದರು.

ಭೋಜಣ್ಣ ವೇದಿಕೆಯ ಮೆಟ್ಟಿಲ ಮೇಲೆ ಕೂತು ಕಂಟ್ರೋಲರ್ ಹಿಡಿದುಕೊಂಡರು. ಪರದೆಯ ಮೂಲೆಯಲ್ಲಿ ಗೋಂಕುವಿನ ಹೊಟ್ಟೆಯ ಗುರುತು ಕೆಂಪಾಗಿತ್ತು. ಮೊದಲ ಹುಳ ಸಿಕ್ಕಿತು, ಎರಡನೆಯದು ಸಿಕ್ಕಿತು, ಮೂರನೆಯದಕ್ಕೆ ಹಾರುವಾಗ ಹುಡುಗಿ ಕಾಲು ಜಾರಿ ಹೊಳೆಗೆ ಬಿದ್ದಳು. ಬಿದ್ದರೆ ಹಿಡಿದದ್ದೆಲ್ಲ ಹಾರಿಹೋಗುತ್ತದೆ; ಮತ್ತೆ ಒಂದರಿಂದ ಶುರು.

"ಎಡಕ್ಕೆ ಹಾರಿ ಮಾರಾಯ್ರೆ, ಎಡಕ್ಕೆ!" ಎಂದು ಎರಡನೆಯ ಪಂಕ್ತಿಯಿಂದ ಒಬ್ಬರು ಕೂಗಿದರು.

"ಬೇಡ ಬೇಡ, ಮೊದಲು ಕೊಂಬೆ ಹಿಡೀಲಿ!" ಎಂದರು ಪುರೋಹಿತರು.

ಸಾಂಬಾರಿನ ಬಾಲ್ದಿ ಹಿಡಿದವನು ಒಂದೇ ಎಲೆಗೆ ನಾಲ್ಕು ಸೌಟು ಸುರಿದು ನಿಂತಿದ್ದ. ಎಲೆಯ ಮುಂದೆ ಕೂತವನಿಗೂ ಗೊತ್ತಾಗಲಿಲ್ಲ. ಭೋಜಣ್ಣ ಮತ್ತೆ ಬಿದ್ದರು. ಮೂರನೆಯ ಸಲವೂ ಬಿದ್ದರು. ಅಂಗೈ ಬೆವತು ಕಂಟ್ರೋಲರ್ ಮೀನಿನ ಹಾಗೆ ಜಾರುತ್ತಿತ್ತು. ಎರಡು ಐವತ್ತೆರಡು. ಐದೂಕಾಲಿಗೆ ಫೋನು ಬರುವುದು, ತಾನು "ಇಲ್ಲ ಮಗಾ" ಎನ್ನುವುದು, ಆಮೇಲೆ ಮತ್ತೆ "ಊಟ ಆಯ್ತಾ", "ಆಯ್ತು"ಗೆ ಮರಳುವುದು, ಎಲ್ಲವೂ ಕಣ್ಣ ಮುಂದೆ ಬಂದು ಅವರಿಗೆ ಹುಡುಗಿಯೇ ಕಾಣದಾಯಿತು.

"ಇತ್ತ ಕೊಡಿ ಅಂಕಲ್," ಎಂದಿತು ಒಂದು ದನಿ.

ಮದುಮಗಳು. ತಲೆಯ ತುಂಬ ಮಲ್ಲಿಗೆ, ಮೊಣಕೈವರೆಗೆ ಬಳೆ. ಜರಿಯ ಸೀರೆಯನ್ನು ಮುದುಡಿಕೊಂಡು ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ಕೂತು, ಕಂಟ್ರೋಲರ್ ತೆಗೆದುಕೊಂಡಳು. ಬಳೆ ಗಲಗಲ ಎಂದವು. ಒಂದು, ಎರಡು, ಮೂರು ಹುಳ. ಜಾರುವ ಕಲ್ಲಿನ ಮೇಲೆ ಕೊಡೆ ಬಿಚ್ಚಿ ತೇಲಿ, ನಾಲ್ಕು, ಐದು. ಪಂಕ್ತಿಯವರೆಲ್ಲ ಎಲೆ ಬಿಟ್ಟು ಎದ್ದು ನಿಂತಿದ್ದರು. ಆರನೆಯದನ್ನು ನೀರಿನ ಮೇಲೆಯೇ ಹಿಡಿದಳು. ಏಳನೆಯದು ಗೋಂಕುವಿನ ಮೂಗಿನ ತುದಿಯಲ್ಲೇ ಕೂತಿತ್ತು.

"ಕೊನೆಯದ್ದು ನೀವೇ ಹಾಕಿ ಅಂಕಲ್. ನಿಮ್ಮ ಕಪ್ಪೆ ಅಲ್ವಾ?"

ಭೋಜಣ್ಣ ಹೆಬ್ಬೆರಳಿನಿಂದ ಒಂದೇ ಒಂದು ಗುಂಡಿಯನ್ನು, ಅದೊಂದನ್ನೇ, ಒತ್ತಿದರು. ಗೋಂಕು ಬಾಯಿ ಮುಚ್ಚಿತು. ನುಂಗಿತು. ಹೊಟ್ಟೆ ಮದ್ದಳೆಯಂತೆ ಉಬ್ಬಿತು. ತಲೆ ತಗ್ಗಿಸಿ ಹುಡುಗಿಯನ್ನು ಕೂರಿಸಿಕೊಂಡು, ಹೊಳೆ, ಕಾಡು, ಬೆಟ್ಟ ಎಲ್ಲ ದಾಟಿ ಆಕಾಶಕ್ಕೆ ನೆಗೆಯಿತು. ಎರಡು ಐವತ್ತೆಂಟು.

ತಾಳಿ ಕಟ್ಟುವಾಗ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು. ನೀಲಾವತಿಯಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮದುಮಗ ಮಾತ್ರ ಹೆಂಡತಿಯನ್ನೇ ನೋಡುತ್ತಾ, "ಇವಳು ಇದನ್ನೆಲ್ಲ ಆಡ್ತಾಳೆ ಅಂತ ನಮ್ಮಲ್ಲಿ ಯಾರೂ ಹೇಳ್ಲಿಲ್ಲ," ಎಂದ. ಬೇಸರದಲ್ಲಿ ಹೇಳಿದ್ದಲ್ಲ; ಅವನ ಮುಖದಲ್ಲಿ ಅಂದಿನ ಮೊದಲ ನಿಜವಾದ ನಗು ಇತ್ತು. ಶೇಷಪ್ಪನವರು ಭೋಜಣ್ಣನನ್ನು ಬಿಡದೆ ಕೂರಿಸಿ ಎರಡು ಲೋಟ ಪಾಯಸ ಕುಡಿಸಿ ಕಳಿಸಿದರು.

ಐದು ಗಂಟೆಗೆ ಕರೆಂಟು ಬಂತು. ಐದೂಕಾಲಿಗೆ ಫೋನು ಬಂತು.

"ಪಪ್ಪ, ಗೋಂಕು ಉಂಟಾ?"

"ಉಂಟು ಮಗಾ! ಇವತ್ತಿನ ಕತೆ ಕೇಳು ನೀನು." ಭೋಜಣ್ಣ ಕುರ್ಚಿಯಲ್ಲಿ ಕೂರಲೂ ಆಗದೆ ನಡೆದಾಡುತ್ತಾ, ಇನ್ವರ್ಟರಿನಿಂದ ಹಿಡಿದು ಪಾಯಸದವರೆಗೆ ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಿ ಕಾದರು. ಆಚೆಯಿಂದ ಮೂಗು ಎಳೆದ ಸದ್ದು.

"ಅಳ್ಬೇಡ ಮಗಾ. ಗೋಂಕುವಿಗೆ ಊಟ ಸಿಕ್ಕಿತಲ್ಲ, ಮತ್ತೆಂತ?"

"ಅದಲ್ಲ ಪಪ್ಪ..." ವಿಜೇತಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಈ ಆಟದಲ್ಲಿ ಕೊನೆಗೊಂದು ಬಾಗಿಲು ಉಂಟು. ಗೋಂಕು ನಮ್ಮನ್ನು ಬಿಟ್ಟು ಅದರ ಕಾಡಿಗೆ ಹೋದ್ರೆ ಮಾತ್ರ ಅದು ತೆರೆಯುವುದು. ನಾನು ಎಷ್ಟೋ ವರ್ಷದಿಂದ ಆ ಬಾಗಿಲ ಎದುರು ನಿಂತಿದ್ದೇನೆ. ಊಟ ಹಾಕದೆ ಇರ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ. ಅದರ ಮುಖ ನೋಡಿದ್ರೆ ಆಗುವುದಿಲ್ಲ."

"ಮತ್ತೆ ನನಗೆ ಎಂತಕ್ಕೆ ಕೊಟ್ಟದ್ದು?"

"ಅಮ್ಮನಿಗೆ ಕೊಟ್ರೆ ಅಮ್ಮ ಮರೆಯುವುದಿಲ್ಲ. ನೀವಾದ್ರೆ... ಒಮ್ಮೆ ಅಮ್ಮನನ್ನೇ ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಮರೆತು ಮನೆಗೆ ಬಂದಿದ್ರಿ. ಮೂರು ದಿನದಲ್ಲಿ ಮರೆಯುತ್ತೀರಿ ಅಂತ ಗ್ರಹಿಸಿದ್ದೆ."

ಭೋಜಣ್ಣ ಕೂತರು. "ನೀನು ದಿನಾ ಕೇಳ್ತಿದ್ದೆಯಲ್ಲ, ಉಂಟಾ ಅಂತ?"

"ಹೋಯ್ತಾ ಅಂತ ಹೇಗೆ ಕೇಳುವುದು ಪಪ್ಪ? ನೀವು ಅಷ್ಟು ಖುಷಿಯಲ್ಲಿ ಉಂಟು ಅಂತಿದ್ರಿ. ಇವತ್ತು ಕರೆಂಟು ಇಲ್ಲಾಂತ ಪೇಪರಿನಲ್ಲಿ ಓದಿದೆ. ಇವತ್ತಾದ್ರೂ ಹೋಗಿರ್ತದೆ ಅಂತ ಇದ್ದೆ." ಮತ್ತೆ ಕೇಳಿದಳು. "ಎಂಬತ್ತೊಂದು ದಿನ ಹೇಗೆ ಪಪ್ಪ ನೆನಪಿಟ್ಟದ್ದು?"

"ನೀನು ಹೇಳಿದ್ದಲ್ವಾ," ಎಂದರು ಭೋಜಣ್ಣ.

ವಿಜೇತಾ ಮೆಲ್ಲಗೆ ಹೇಳಿದಳು. "ನಾಳೆ ಹಾಕ್ಬೇಡಿ ಪಪ್ಪ. ಟಿವಿಯ ಹತ್ತಿರವೇ ಹೋಗ್ಬೇಡಿ. ನನಗೋಸ್ಕರ. ಆಯ್ತಾ? ಶನಿವಾರ ಬರ್ತೇನೆ. ಇಬ್ಬರೂ ಒಟ್ಟಿಗೆ ಆ ಬಾಗಿಲಿನ ಒಳಗೆ ಹೋಗುವ."

ಭೋಜಣ್ಣ ಮಾತು ಕೊಟ್ಟರು. ಫೋನು ಇಟ್ಟು, ಎದೆ ಭಾರವೂ ಹಗುರವೂ ಆಗಿ ಕೂತಿದ್ದಾಗ ಗೇಟಿನ ಸದ್ದಾಯಿತು. ಮುಂದೆ ನೀಲಾವತಿಯಕ್ಕ, ಅವರ ಹಿಂದೆ ಬದ್ರು, ಬದ್ರುವಿನ ಹಿಂದೆ ಪಿಕಪ್ಪಿನಿಂದ ಇಳಿಯುತ್ತಿದ್ದ ಜನರೇಟರ್, ಜನರೇಟರಿನ ಹಿಂದೆ ಶೇಷಪ್ಪನವರು.

"ಇದು ಇನ್ನು ಇಲ್ಲಿಯೇ ಇರ್ಲಿ ಭೋಜಣ್ಣ," ಎಂದ ಬದ್ರು. "ಕರೆಂಟಿನವರನ್ನು ನಂಬಿ ಕೂರ್ಲಿಕ್ಕೆ ಆಗುವುದಿಲ್ಲ."

"ನಾಳೆ ಎರಡೂವರೆಗೆ ಮದುಮಕ್ಕಳು ಬರ್ತಾರೆ," ಎಂದರು ಶೇಷಪ್ಪನವರು. "ನಾಳೆ ಸಹ ಗೋಂಕುವಿಗೆ ಊಟ ಹಾಕ್ಬೇಕು ಅಂತಾಳೆ ನಮ್ಮ ಪ್ರತೀಕ್ಷಾ. ಗಂಡಿನ ಕಡೆಯಿಂದ ಹದಿನೈದು ಜನ ಇರ್ಬಹುದು. ತಿಂಡಿ ನಾವೇ ತರ್ತೇವೆ."

ಭೋಜಣ್ಣ ಟಿವಿಗೆ ಅಡ್ಡವಾಗಿ ನಿಂತರು. "ಅದು... ನಾಳೆ ನನಗೆ ಸ್ವಲ್ಪ ಬೇರೆ ಕೆಲಸ ಉಂಟು. ಮರೆತು ಹೋದ್ರೂ ಹೋಗ್ಬಹುದು..."

ನೀಲಾವತಿಯಕ್ಕ ಅವರ ಕೈ ಹಿಡಿದುಕೊಂಡರು. ಅವರ ಇನ್ನೊಂದು ಕೈಯಲ್ಲಿ ಓಣಿಯ ಒಂಬತ್ತು ಮನೆಯ ಹೆಸರು ಬರೆದ ಚೀಟಿ ಇತ್ತು. ಗೋಂಕುವಿಗೆ ಊಟ ಹಾಕಲು ವಾರದ ಏಳು ದಿನಕ್ಕೂ ಪಾಳಿ ಹಾಕಿದ್ದರು.

"ನೀವು ಎಂತ ಸಹ ಹೆದರ್ಬೇಡಿ ಭೋಜಣ್ಣ," ಎಂದರು. "ನೀವು ಮರೆತ್ರೂ ನಾವು ಮರೆಯುವುದಿಲ್ಲ."